ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದ ಲೆಕ್ಸಸ್ ಇಎಸ್ 300ಎಚ್: ಒಬ್ಬ ಮಾಲೀಕನ ಅನುಭವ

ನನ್ನ ಬಳಿ ಇರುವುದು 2019ರ ಮಾದರಿಯ ಲೆಕ್ಸಸ್ ಇಎಸ್ 300ಎಚ್, ಟೊಯೋಟಾದ ಐಷಾರಾಮಿ ವಿಭಾಗವಾದ ಲೆಕ್ಸಸ್ಸಿನ ಹೈಬ್ರಿಡ್ ಕಾರು. ನಾನು ಕೊಳ್ಳುವ ಹೊತ್ತಿಗೆ ಅದು ಮೊದಲ ಮಾಲೀಕರ ಕೈಯಲ್ಲಿ 41,000 ಕಿಲೋಮೀಟರ್ ಓಡಿತ್ತು. ಈಗ ಓಡೋಮೀಟರ್ 1,52,000 ದಾಟಿದೆ. ಹೊಸ ಕಾರಿನ ಮೊದಲ ವಾರದ ಸಂಭ್ರಮ ನನಗೆ ಸಿಕ್ಕಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿರುವುದೆಲ್ಲ ಅದರ ನಡುವಯಸ್ಸಿನ ಕಥೆ. ಜಪಾನಿನ ಕಾರುಗಳು ಕೆಡುವುದೇ ಇಲ್ಲ ಎಂಬ ಮಾತನ್ನು ಕೇಳದವರು ಕಡಿಮೆ. ಆ ಮಾತು ಎಷ್ಟರಮಟ್ಟಿಗೆ ನಿಜ, ಯಾವ ಕಾರಣಕ್ಕೆ ನಿಜ, ಎಲ್ಲಿ ಅದನ್ನು ಎಚ್ಚರಿಕೆಯಿಂದ ತೆಗೆದುಕೊಳ್ಳಬೇಕು ಎಂಬುದನ್ನು ಒಂದು ಲಕ್ಷಕ್ಕೂ ಹೆಚ್ಚು ಕಿಲೋಮೀಟರ್ ಸ್ವತಃ ಓಡಿಸಿದ ಮೇಲೆ ಹೇಳಬಹುದೆಂದು ನನಗೆ ಅನ್ನಿಸಿದೆ.

ಕಾರಿನ ಬಗ್ಗೆ ಬರೆಯುವವರು ಸುಖವನ್ನೂ ಬಾಳಿಕೆಯನ್ನೂ ಬೇರೆ ಬೇರೆ ತೂಗುವುದು ವಾಡಿಕೆ. ಈ ಕಾರಿನ ಜೊತೆ ಇಷ್ಟು ವರ್ಷ ಬಾಳಿದ ಮೇಲೆ ಅವೆರಡಕ್ಕೂ ಬೇರು ಒಂದೇ ಎಂದು ನನಗೆ ತೋರುತ್ತದೆ. ಕೂತವರ ಬೆನ್ನಿಗೆ ನೋವು ತರುವ ನಡುಕವೇ ಬೋಲ್ಟುಗಳನ್ನು ಸಡಿಲಿಸುತ್ತದೆ, ರಬ್ಬರ್ ಬುಶ್‌ಗಳನ್ನು ಸೀಳುತ್ತದೆ, ತಂತಿಯ ಕನೆಕ್ಟರುಗಳನ್ನು ಅಲುಗಾಡಿಸುತ್ತದೆ. ಆ ನಡುಕವನ್ನು ಹುಟ್ಟುವಲ್ಲೇ ಅಡಗಿಸಿದರೆ ಕೂತವರಿಗೆ ಸುಖವೂ ಯಂತ್ರಕ್ಕೆ ಆಯುಸ್ಸೂ ಒಟ್ಟಿಗೆ ಸಿಗುತ್ತವೆ.

ಲೆಕ್ಸಸ್ ಹುಟ್ಟಿದ್ದೂ ಹೆಚ್ಚುಕಡಿಮೆ ಇದೇ ಯೋಚನೆಯಿಂದ. ಜಗತ್ತಿನ ಅತ್ಯುತ್ತಮ ಐಷಾರಾಮಿ ಕಾರುಗಳ ಎದುರು ನಿಲ್ಲಬಲ್ಲ ಕಾರನ್ನು ನಾವು ಮಾಡಬಲ್ಲೆವೇ ಎಂದು ಟೊಯೋಟಾದ ಅಂದಿನ ಮುಖ್ಯಸ್ಥ ಎಯಿಜಿ ಟೊಯೋಡಾ ತಮ್ಮವರನ್ನು ಕೇಳಿದ್ದು 1983ರಲ್ಲಿ. ಅದಕ್ಕೆ ಉತ್ತರವಾಗಿ 1989ರ ಜನವರಿಯಲ್ಲಿ ಡೆಟ್ರಾಯ್ಟ್ ಮೋಟಾರು ಪ್ರದರ್ಶನದಲ್ಲಿ ಎಲ್ಎಸ್ 400 ಎಂಬ ಕಾರು ಬಂತು. ಅದಕ್ಕಾಗಿ ಸುಮಾರು 450 ಮಾದರಿ ಕಾರುಗಳನ್ನು ಕಟ್ಟಿ ಪರೀಕ್ಷಿಸಿದ್ದರು. ಮುಖ್ಯ ಎಂಜಿನಿಯರ್ ಆಗಿದ್ದ ಇಚಿರೊ ಸುಜುಕಿಯವರ ತಂಡ, ಸದ್ದು ಕೇಳಿಸಿದಲ್ಲಿ ದಪ್ಪನೆಯ ಹಾಸು ಹೊದಿಸಿ ಮುಚ್ಚುವ ಬದಲು ಆ ಸದ್ದು ಯಾವ ಭಾಗದಿಂದ ಹೊರಡುತ್ತಿದೆಯೋ ಆ ಭಾಗವನ್ನೇ ತಿದ್ದಬೇಕೆಂಬ ಪಟ್ಟು ಹಿಡಿದು ಕೆಲಸ ಮಾಡಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ, ಕ್ರೂಸ್ ಕಂಟ್ರೋಲ್ (ವೇಗವನ್ನು ತಾನಾಗಿ ಒಂದೇ ಮಟ್ಟದಲ್ಲಿ ಇಡುವ ವ್ಯವಸ್ಥೆ) ಮತ್ತು ಬ್ರೇಕ್ ದೀಪದ ಕುರಿತು ಬಂದ ಕೇವಲ ಎರಡು ದೂರುಗಳ ಮೇಲೆ ಮಾರಾಟವಾಗಿದ್ದ 8,000 ಕಾರುಗಳನ್ನೂ ಕಂಪನಿ ತಾನಾಗಿಯೇ ಹಿಂದಕ್ಕೆ ಕರೆಸಿ ಸರಿಮಾಡಿಕೊಟ್ಟಿತು. ಈ ಹೆಸರಿನ ಮೇಲೆ ಜನರಿಗೆ ಇರುವ ನಂಬಿಕೆ ಬೆಳೆದದ್ದು ಕೆಡದ ಕಾರಿನಿಂದ ಎಷ್ಟೋ, ಆ ಎರಡು ದೂರುಗಳನ್ನು ನಡೆಸಿಕೊಂಡ ರೀತಿಯಿಂದಲೂ ಅಷ್ಟೇ ಎಂದು ನಾನು ತಿಳಿದಿದ್ದೇನೆ. ಎಲ್ಎಸ್ ಜೊತೆಗೇ ಅದರ ತಂಗಿಯಂತೆ ಇಎಸ್ 250 ಕೂಡ ಬಂತು. ನನ್ನದು ಅದರ ಏಳನೇ ತಲೆಮಾರು.

ಇನ್ನು ಯಂತ್ರದ ವಿಷಯ. ಈ ಕಾರಿನಲ್ಲಿರುವುದು 2.5 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ಮತ್ತು ಎರಡು ವಿದ್ಯುತ್ ಮೋಟಾರುಗಳು. ಒಟ್ಟು ಶಕ್ತಿ 218 ಪಿಎಸ್. ಹೈಬ್ರಿಡ್ ಎಂದ ಕೂಡಲೇ ಬಹಳ ಜನ, ಒಂದರ ಜಾಗದಲ್ಲಿ ಎರಡು ಯಂತ್ರ ಸೇರಿದರೆ ಕೆಡುವ ಜಾಗಗಳೂ ಎರಡು ಪಟ್ಟಾಗುತ್ತವೆ ಎಂದು ಹೆದರುತ್ತಾರೆ. ಕೊಳ್ಳುವ ಮುಂಚೆ ನನ್ನ ಹೆದರಿಕೆಯೂ ಅದೇ ಆಗಿತ್ತು. ಬಾನೆಟ್ ಎತ್ತಿ, ಕೈಪಿಡಿಯನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಭಾಗವನ್ನು ಹುಡುಕುತ್ತ ಹೋದಾಗ ತಿಳಿದದ್ದು ಬೇರೆಯೇ. ಇಲ್ಲಿ ಕ್ಲಚ್ ಇಲ್ಲ. ಸೆಲ್ಫ್ ಮೋಟಾರ್ ಎಂದು ನಾವು ಕರೆಯುವ ಸ್ಟಾರ್ಟರ್ ಇಲ್ಲ. ಆಲ್ಟರ್ನೇಟರ್ ಇಲ್ಲ. ನೀರಿನ ಪಂಪೂ ಎಸಿಯ ಕಂಪ್ರೆಸರೂ ವಿದ್ಯುತ್ತಿನಿಂದ ನಡೆಯುವುದರಿಂದ ಎಂಜಿನ್ನಿನ ಮುಂದೆ ಸುತ್ತುವ ಫ್ಯಾನ್ ಬೆಲ್ಟ್ ಕೂಡ ಇಲ್ಲ. ಹಳೆಯ ಕಾರುಗಳಲ್ಲಿ ದಾರಿಯ ನಡುವೆ ಕೈಕೊಡುತ್ತಿದ್ದ ಭಾಗಗಳ ಪಟ್ಟಿ ಮಾಡಿದರೆ ಅದರಲ್ಲಿ ಅರ್ಧದಷ್ಟು ಭಾಗಗಳು ಈ ಕಾರಿನಲ್ಲಿ ಇಲ್ಲವೇ ಇಲ್ಲ.

ಗೇರ್ ಬಾಕ್ಸಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಇದಕ್ಕೆ ಇ-ಸಿವಿಟಿ ಎಂಬ ಹೆಸರಿರುವುದರಿಂದ, ಸಾಮಾನ್ಯ ಸಿವಿಟಿಗಳಲ್ಲಿ (ಮೆಟ್ಟಿಲುಗಳಿಲ್ಲದೆ ಗೇರ್ ಬದಲಾಗುವ ಪೆಟ್ಟಿಗೆಗಳಲ್ಲಿ) ಎರಡು ಪುಲ್ಲಿಗಳ ನಡುವೆ ಜಾರುವ ಲೋಹದ ಬೆಲ್ಟ್ ಇಲ್ಲಿಯೂ ಇರುತ್ತದೆ, ಅದು ಒಂದು ದಿನ ಸವೆದುಹೋಗುತ್ತದೆ ಎಂದು ಭಾವಿಸುವವರಿದ್ದಾರೆ. ಅಂಥ ಬೆಲ್ಟ್ ಇದರಲ್ಲಿಲ್ಲ. ಇರುವುದು ಒಂದು ಪ್ಲಾನೆಟರಿ ಗೇರ್: ನಡುವೆ ಸೂರ್ಯನಂತೆ ಒಂದು ಚಕ್ರ, ಅದರ ಸುತ್ತ ಗ್ರಹಗಳಂತೆ ತಿರುಗುವ ಪುಟ್ಟ ಚಕ್ರಗಳು, ಅವನ್ನೆಲ್ಲ ಸುತ್ತುವರಿದ ಹಲ್ಲಿನ ಬಳೆ. ಗ್ರಹಗಳನ್ನು ಹಿಡಿದಿರುವ ಚೌಕಟ್ಟಿಗೆ ಎಂಜಿನ್, ಸೂರ್ಯಚಕ್ರಕ್ಕೆ ಒಂದು ಮೋಟಾರ್, ಹೊರಬಳೆಯ ಕಡೆಗೆ ಕಾರಿನ ಗಾಲಿಗಳು ಸೇರಿಕೊಂಡಿವೆ. ಆ ಒಂದು ಮೋಟಾರಿನ ವೇಗವನ್ನು ಹೆಚ್ಚುಕಡಿಮೆ ಮಾಡುವುದರಿಂದಲೇ ಗೇರ್ ಬದಲಿಸಿದ ಪರಿಣಾಮ ಸಿಗುತ್ತದೆ. ಅದೇ ಮೋಟಾರ್ ಎಂಜಿನ್ನನ್ನು ಚಾಲೂ ಮಾಡುತ್ತದೆ, ಅದೇ ಬ್ಯಾಟರಿಗೆ ವಿದ್ಯುತ್ ಕೊಡುತ್ತದೆ. ಚಕ್ರಗಳು ಸದಾ ಒಂದಕ್ಕೊಂದು ಕಚ್ಚಿಕೊಂಡೇ ಎಣ್ಣೆಯಲ್ಲಿ ತಿರುಗುತ್ತಿರುತ್ತವೆ, ಬಿಡುವುದೂ ಹಿಡಿಯುವುದೂ ಇಲ್ಲವಾದ್ದರಿಂದ ಉಜ್ಜಿ ಸವೆಯುವ ತಟ್ಟೆಗಳೂ ಇಲ್ಲ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಮೊದಲ ಪ್ರಿಯಸ್ ಕಾರಿನಲ್ಲಿದ್ದದ್ದೂ ಇದೇ ತತ್ವ. ಹೊಸ ತಂತ್ರಜ್ಞಾನ ಎಂದು ನಾವು ಹೆದರುವ ಈ ವ್ಯವಸ್ಥೆಯನ್ನು ಅವರು ಕಾಲು ಶತಮಾನಕ್ಕೂ ಹೆಚ್ಚು ಕಾಲ ತಿದ್ದುತ್ತ ಬಂದಿದ್ದಾರೆ.

ಎಂಜಿನ್ನಿನ ಬಗ್ಗೆ ಮೆಚ್ಚಿಕೊಳ್ಳಲೇಬೇಕಾದ ಇನ್ನೊಂದು ಸಂಗತಿಯಿದೆ. ಇಂದಿನ ಎಷ್ಟೋ ಎಂಜಿನ್‌ಗಳು ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುವುದರಿಂದ ಗಾಳಿ ಬರುವ ವಾಲ್ವುಗಳ ಬೆನ್ನಿಗೆ ಪೆಟ್ರೋಲ್ ತಾಗುವುದೇ ಇಲ್ಲ, ಹಾಗಾಗಿ ಅಲ್ಲಿ ವರ್ಷಗಳ ಕಾಲ ಮಸಿ ಗಟ್ಟಿಕಟ್ಟುತ್ತ ಹೋಗುತ್ತದೆ. ಇಲ್ಲಿ ಒಂದೊಂದು ಸಿಲಿಂಡರಿಗೂ ಎರಡೆರಡು ಇಂಜೆಕ್ಟರುಗಳಿವೆ. ಒಂದು ಒಳಗೆ, ಇನ್ನೊಂದು ವಾಲ್ವಿನ ಹಿಂದೆ. ಹಿಂದಿನದು ಚಿಮ್ಮಿಸಿದ ಪೆಟ್ರೋಲ್ ವಾಲ್ವುಗಳನ್ನು ತೊಳೆಯುತ್ತ ಇರುತ್ತದೆ. ಕಣ್ಣಿಗೆ ಕಾಣದ, ಮೊದಲ ಐದು ವರ್ಷ ಲಾಭವೂ ತಿಳಿಯದ ಇಂಥ ಜಾಗದಲ್ಲಿ ಖರ್ಚು ಮಾಡುವ ಕಂಪನಿಯ ಮೇಲೆ ನನಗೆ ಗೌರವವಿದೆ. ನನ್ನ ಎಂಜಿನ್ ಈವರೆಗೆ ಕೇಳಿರುವುದು ಆಯಿಲ್, ಫಿಲ್ಟರುಗಳು ಮತ್ತು ಒಂದು ಸಲ ಸ್ಪಾರ್ಕ್ ಪ್ಲಗ್‌ಗಳು. ಎರಡು ಸರ್ವಿಸ್‌ಗಳ ನಡುವೆ ಆಯಿಲ್ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿದದ್ದಿಲ್ಲ. ಬ್ರೇಕ್ ಹಿಡಿದಾಗ ವೇಗದ ಬಹುಪಾಲನ್ನು ಮೋಟಾರೇ ವಿದ್ಯುತ್ತಾಗಿ ಹಿಂದಕ್ಕೆ ಪಡೆಯುವುದರಿಂದ ಬ್ರೇಕ್ ಪ್ಯಾಡ್‌ಗಳಿಗೆ ಕೆಲಸವೇ ಕಡಿಮೆ. ಮುಂದಿನ ಪ್ಯಾಡ್‌ಗಳನ್ನು ಮೊದಲ ಬಾರಿಗೆ ಬದಲಿಸಿದ್ದು 1,30,000 ದಾಟಿದ ಮೇಲೆ. ಮೈಲೇಜ್ ಊರಿನೊಳಗೂ ಹೆದ್ದಾರಿಯಲ್ಲೂ ಸೇರಿ ಲೀಟರಿಗೆ ಸುಮಾರು 18 ಕಿಲೋಮೀಟರ್. ಐದು ಮೀಟರಿಗೆ ಎರಡೂವರೆ ಸೆಂಟಿಮೀಟರ್ ಮಾತ್ರ ಕಡಿಮೆ ಉದ್ದವಿರುವ ಕಾರಿಗೆ ಇದು ದೊಡ್ಡ ಸಂಖ್ಯೆಯೇ.

ಸುಖದ ಮಾತಿಗೆ ಬಂದರೆ, ಅದನ್ನು ನನಗಿಂತ ಮೊದಲು ಗುರುತಿಸಿದವರು ನನ್ನ ಅಮ್ಮ. ಕಾರು ತಂದ ದಿನ ಅವರನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದೆ. ಮೊದಲ ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ತಾನಾಗಿ ಆರಿತು, ಒಳಗೆ ಗಾಳಿ ಹರಿಯುವ ಸದ್ದಷ್ಟೇ ಉಳಿಯಿತು. ಅಮ್ಮ ಗಾಬರಿಯಿಂದ ಮುಂದಕ್ಕೆ ಬಾಗಿ, “ಆಫ್ ಆಗೋಯ್ತಲ್ಲೋ ಗಾಡಿ!” ಎಂದರು. “ಇಲ್ಲಮ್ಮ, ಅದು ಹಾಗೇನೇ” ಎಂದು ನಾನು ಹೇಳುವಷ್ಟರಲ್ಲಿ ಹಸಿರು ದೀಪ ಬಂತು, ಕಾರು ಸದ್ದಿಲ್ಲದೆ ಮುಂದೆ ಸರಿಯಿತು, ಎಂಜಿನ್ ಮತ್ತೆ ಯಾವಾಗ ಹೊತ್ತಿಕೊಂಡಿತೋ ಇಬ್ಬರಿಗೂ ತಿಳಿಯಲಿಲ್ಲ. ವರ್ಷಗಳು ಕಳೆದರೂ ಆ ಬದಲಾವಣೆ ಅಷ್ಟೇ ಮೃದುವಾಗಿದೆ. ಎಂಜಿನ್ ದಿನಕ್ಕೆ ನೂರಾರು ಸಲ ಆರಿ ಹೊತ್ತಿಕೊಳ್ಳುವ ಕಾರಿನಲ್ಲಿ, ಅದು ಕೂತವರ ಅರಿವಿಗೇ ಬರದಂತೆ ನಡೆಯುವುದು ಸಣ್ಣ ಸಾಧನೆಯಲ್ಲ.

ಅಮ್ಮನಿಗೆ ಸೊಂಟನೋವು ಹಳೆಯದು. ಹಿಂದಿನ ಕಾರಿನಲ್ಲಿ ಎರಡು ಗಂಟೆಯ ಪ್ರಯಾಣವೆಂದರೆ ನಡುವೆ ಒಮ್ಮೆ ಇಳಿದು ಓಡಾಡಲೇಬೇಕಿತ್ತು. ಇದರಲ್ಲಿ ನಾಲ್ಕು ಗಂಟೆ ಕೂತು ಬಂದದ್ದುಂಟು. ಸೀಟಿನ ಮೇಲ್ಪದರ ಮೆತ್ತಗಿದ್ದರೂ ಅದರ ಕೆಳಗೆ ಗಟ್ಟಿಯಾದ ಆಧಾರವಿದೆ. ಹೂತುಹೋಗುವಂಥ ಮೆತ್ತೆ ಮೊದಲ ಹತ್ತು ನಿಮಿಷ ಹಿತವೆನಿಸಿ ಆಮೇಲೆ ಬೆನ್ನನ್ನು ಬಗ್ಗಿಸುತ್ತದೆ, ಇದು ಹಾಗೆ ಮಾಡುವುದಿಲ್ಲ. ತೊಡೆಯ ಕೆಳಗೆ ಸಾಕಷ್ಟು ಆಸರೆ ಇದೆ, ಕಾಲು ಚಾಚಲು ಧಾರಾಳ ಜಾಗವಿದೆ. ಶಾಕ್ ಅಬ್ಸಾರ್ಬರುಗಳ ಒಳಗೆ ಸ್ವಿಂಗ್ ವಾಲ್ವ್ ಎಂಬ ತೆಳುವಾದ ಹೆಚ್ಚುವರಿ ವಾಲ್ವ್ ಇಟ್ಟಿದ್ದಾರೆ. ದೊಡ್ಡ ಗುಂಡಿಯನ್ನು ತಡೆಯುವುದು ಯಾವ ಶಾಕ್ ಅಬ್ಸಾರ್ಬರಾದರೂ ಮಾಡುವ ಕೆಲಸ. ಒರಟು ಡಾಂಬರಿನ ಮೇಲೆ ಹೋಗುವಾಗ ಬರುವ ಸಣ್ಣ ಸಣ್ಣ ನಡುಕದಲ್ಲಿ ಒಳಗಿನ ಎಣ್ಣೆ ಸರಿಯಾಗಿ ಹರಿಯುವುದೇ ಕಷ್ಟ. ಆ ಸಣ್ಣ ಚಲನೆಗೆಂದೇ ಇರುವ ವಾಲ್ವ್ ಇದು. ಇಡೀ ದಿನ ಓಡಿಸಿ ಇಳಿದ ಮೇಲೂ ಮಣಿಕಟ್ಟಿನಲ್ಲಿ ಜುಮ್ಮೆನ್ನುವ ಭಾವ ಉಳಿಯದಿರುವುದಕ್ಕೆ ಇದೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಆದರೆ ಈ ಸುಖದ ದೊಡ್ಡ ಪಾಲು ಟೈರುಗಳ ಕೈಯಲ್ಲಿದೆ ಎಂಬುದನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲ ಜೊತೆ ಸವೆದಾಗ ಒಂದು ಟೈರ್ ಅಂಗಡಿಯವರ ಮಾತು ಕೇಳಿ, ಅಳತೆ ಸರಿಯಿದ್ದರೂ ಗೋಡೆ ಬಹಳ ಗಡುಸಾಗಿದ್ದ ಟೈರುಗಳನ್ನು ಹಾಕಿಸಿದೆ. 235/45 ಆರ್18 ಎಂಬ ಅಳತೆಯಲ್ಲಿ ಮೊದಲೇ ರಬ್ಬರಿನ ಎತ್ತರ ಕಡಿಮೆ. ಅದರ ಮೇಲೆ ಅವರು ಬಾಗಿಲ ಪಕ್ಕದ ಫಲಕದಲ್ಲಿ ಬರೆದಿರುವುದಕ್ಕಿಂತ ಎಂಟು ಪಿಎಸ್ಐ ಹೆಚ್ಚು ಗಾಳಿ ತುಂಬಿಸಿ ಕಳಿಸಿದ್ದರು. ಮನೆ ಮುಟ್ಟುವ ಹೊತ್ತಿಗೆ ಕಾರು ಬದಲಾಗಿಹೋಗಿತ್ತು. ರಸ್ತೆಯ ಪ್ರತಿ ಸೀಳೂ ಸ್ಟಿಯರಿಂಗಿಗೆ ಬರುತ್ತಿತ್ತು, ಎಂಬತ್ತರ ವೇಗದಲ್ಲಿ ಸಣ್ಣಗೆ ಗುಂಯ್‌ಗುಡುವ ಸದ್ದು ಶುರುವಾಗುತ್ತಿತ್ತು. ಗಾಳಿ ಇಳಿಸಿದ ಮೇಲೆ ಅರ್ಧ ಸರಿಹೋಯಿತು, ಮಿಕ್ಕರ್ಧ ಆ ಟೈರುಗಳು ಸವೆಯುವವರೆಗೆ ಹಾಗೇ ಉಳಿಯಿತು. ಸದ್ದು ಕಡಿಮೆ ಮಾಡಲೆಂದು ಲೆಕ್ಸಸ್ ಇದರ ಅಲಾಯ್ ಗಾಲಿಗಳ ಅಂಚನ್ನೇ ಟೊಳ್ಳಾಗಿ ಮಾಡಿದೆ. ಅಷ್ಟು ಶ್ರಮಪಟ್ಟು ಮಾಡಿದ ಗಾಲಿಗೆ ಸಿಕ್ಕಿದ ಟೈರ್ ತೊಡಿಸುವುದು ತಪ್ಪು. ಮುಂದಿನ ಜೊತೆಯನ್ನು ಮೂಲ ಟೈರಿನ ಜಾತಿಯನ್ನೇ ಹುಡುಕಿ ಹಾಕಿಸಿದೆ, ಹಳೆಯ ಮೌನ ಮರಳಿತು.

ಈ ಕಾರನ್ನು ಇಟ್ಟುಕೊಂಡವರೆಲ್ಲ ತಿಳಿದಿರಬೇಕಾದ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೈಬ್ರಿಡ್ ಬ್ಯಾಟರಿ ಹಿಂದಿನ ಸೀಟಿನ ಅಡಿಯಲ್ಲಿದೆ. ನನ್ನ ಕಾರಿನದು ನಿಕ್ಕಲ್ ಮೆಟಲ್ ಹೈಡ್ರೈಡ್ ಜಾತಿಯದು. ಅದನ್ನು ಪೂರ್ತಿ ತುಂಬಲೂ ಪೂರ್ತಿ ಬರಿದಾಗಲೂ ಬಿಡದೆ ಕಂಪ್ಯೂಟರು ಸದಾ ನಡುಮಟ್ಟದಲ್ಲೇ ಇಟ್ಟಿರುವುದರಿಂದ ಅದರ ಆಯುಸ್ಸು ದೊಡ್ಡದು. ಆದರೆ ಅದು ತಂಪಾಗುವುದು ನಾವು ಕೂತಿರುವ ಕೋಣೆಯ ಗಾಳಿಯಿಂದಲೇ. ಸೀಟಿನ ಕೆಳಬದಿಯಲ್ಲಿರುವ ಜಾಲರಿಯ ಮೂಲಕ ಒಂದು ಸಣ್ಣ ಫ್ಯಾನ್ ಆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಒಂದು ಬೇಸಿಗೆಯಲ್ಲಿ, ಬ್ಯಾಟರಿ ತಂಪಾಗಿಸುವ ಭಾಗಗಳಿಗೆ ನಿರ್ವಹಣೆ ಬೇಕೆಂಬ ಸೂಚನೆ ಪರದೆಯ ಮೇಲೆ ಬಂತು. ಹತ್ತಿರವಿದ್ದ ಒಂದು ಖಾಸಗಿ ಗ್ಯಾರೇಜಿಗೆ ಒಯ್ದೆ. ಅಲ್ಲಿಯವರು ಸೀಟನ್ನೂ ಎತ್ತಿ ನೋಡದೆ, ಬ್ಯಾಟರಿಯ ಕಾಲ ಮುಗಿದಿದೆ, ಪೂರ್ತಿ ಬದಲಿಸಬೇಕು ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎದ್ದು ಕೈಪಿಡಿಯ ಆ ಪುಟ ತೆಗೆದು, ಹಿಂದಿನ ಸೀಟಿನ ಬುಡದಲ್ಲಿ ಮಂಡಿಯೂರಿ ಕೂತೆ. ಪ್ಲಾಸ್ಟಿಕ್ ಜಾಲರಿಯ ಕ್ಲಿಪ್ಪುಗಳನ್ನು ಬಿಡಿಸಿ ಎಳೆದಾಗ ಅದರ ಹಿಂದಿನ ಫಿಲ್ಟರ್ ಕೈಗೆ ಬಂತು. ಕಪ್ಪು ಬಲೆಯ ತೂತೊಂದೂ ಕಾಣುತ್ತಿರಲಿಲ್ಲ; ಅಮ್ಮನ ಶಾಲಿನ ಉಣ್ಣೆಯ ಎಳೆಗಳೂ ರಸ್ತೆಯ ನುಣ್ಣನೆಯ ಧೂಳೂ ಸೇರಿ ಬೂದುಬಣ್ಣದ ಕಂಬಳಿಯಂತೆ ಕೂತಿದ್ದವು. ಬೆರಳಿನಿಂದ ಅಂಚು ಹಿಡಿದು ಎಳೆದರೆ ಹಾಳೆಯಂತೆ ಇಡಿಯಾಗಿ ಕಳಚಿ ಬಂತು. ಉಳಿದದ್ದನ್ನು ನೀರಿನಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಮತ್ತೆ ಕೂರಿಸಿದೆ. ಸೂಚನೆ ಹೋಯಿತು, ಮತ್ತೆ ಬರಲಿಲ್ಲ. ಹೊಸ ಬ್ಯಾಟರಿ ಬೇಕೆಂದು ಹೇಳಲಾಗಿದ್ದ ಆ ಕಾರು ಅದಾದ ಮೇಲೆ ಅರವತ್ತು ಸಾವಿರ ಕಿಲೋಮೀಟರ್ ಓಡಿದೆ. ಈಗ ಆರು ತಿಂಗಳಿಗೊಮ್ಮೆ, ಸಾಕುಪ್ರಾಣಿ ಕೂರುವ ಮನೆಯವರಾದರೆ ಇನ್ನೂ ಬೇಗ, ಅದನ್ನು ತೆಗೆದು ನೋಡಬೇಕೆಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಹತ್ತು ನಿಮಿಷದ ಕೆಲಸವದು.

ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಸಾಮಾನ್ಯ ಬ್ಯಾಟರಿಯೂ ಒಂದಿದೆ. ಕಂಪ್ಯೂಟರುಗಳು ಎಚ್ಚರಗೊಂಡು ದೊಡ್ಡ ಬ್ಯಾಟರಿಯ ರಿಲೇಗಳನ್ನು (ವಿದ್ಯುತ್ ಸ್ವಿಚ್ಚುಗಳನ್ನು) ಜೋಡಿಸುವುದು ಇದರ ಬಲದಿಂದಲೇ, ಆದ್ದರಿಂದ ಇದು ಬರಿದಾದರೆ ದೊಡ್ಡದು ತುಂಬಿದ್ದರೂ ಕಾರು ಕದಲದು. ವಾರಗಟ್ಟಲೆ ನಿಲ್ಲಿಸಿ ಹೋಗುವವರು ಯಾರಿಗಾದರೂ ಹೇಳಿ, ಆಗಾಗ ಕಾರನ್ನು ಚಾಲೂ ಮಾಡಿ ರೆಡಿ ಸ್ಥಿತಿಗೆ ತಂದು ಒಂದಷ್ಟು ಹೊತ್ತು ಹಾಗೇ ಇರಿಸುವುದು ಒಳ್ಳೆಯದು.

ಈ ಕಂಪನಿಯ ಬಾಳಿಕೆಯನ್ನು ಹೊಗಳುವಾಗ 2009ರ ಘಟನೆಯನ್ನು ಬಿಟ್ಟುಬಿಟ್ಟರೆ ಅದು ಅಪ್ರಾಮಾಣಿಕವಾಗುತ್ತದೆ. ಆ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಲೆಕ್ಸಸ್ ಇಎಸ್ 350ರ ಆಕ್ಸಿಲರೇಟರ್ ಪೆಡಲ್, ಬೇರೆ ಮಾದರಿಯ ಕಾರಿನ ನೆಲಹಾಸಿಗೆ ಸಿಕ್ಕಿಕೊಂಡು, ಕಾರು ನಿಲ್ಲದೆ ಓಡಿ ನಾಲ್ವರು ಸತ್ತರು. ಆಮೇಲೆ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. 2010ರ ಫೆಬ್ರವರಿಯಲ್ಲಿ ಟೊಯೋಟಾದ ಅಧ್ಯಕ್ಷ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹಾಜರಾಗಿ ಕ್ಷಮೆ ಕೇಳಿದರು. 2011ರಲ್ಲಿ ನಾಸಾದ ಎಂಜಿನಿಯರುಗಳ ನೆರವಿನಿಂದ ನಡೆದ ತನಿಖೆಗೆ ಎಲೆಕ್ಟ್ರಾನಿಕ್ ದೋಷದ ಕುರುಹು ಸಿಗಲಿಲ್ಲವಾದರೂ, ಸುರಕ್ಷತೆಯ ವಿಷಯದಲ್ಲಿ ಗ್ರಾಹಕರ ದಾರಿತಪ್ಪಿಸಿದ ಆರೋಪಕ್ಕೆ ಕಂಪನಿ 2014ರಲ್ಲಿ 120 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಎರಡು ದೂರಿಗೆ 8,000 ಕಾರುಗಳನ್ನು ಕರೆಸಿದ್ದ ಮನೆತನವೇ ಇಪ್ಪತ್ತು ವರ್ಷದ ನಂತರ ಹಾಗೆ ನಡೆದುಕೊಂಡದ್ದು ನನ್ನಂಥ ಅಭಿಮಾನಿಗೆ ಇಂದಿಗೂ ನೋವಿನ ವಿಷಯ. ಅಂದಿನಿಂದ ಬ್ರೇಕ್ ಮತ್ತು ಆಕ್ಸಿಲರೇಟರ್ ಒಟ್ಟಿಗೆ ಒತ್ತಿದರೆ ಬ್ರೇಕೇ ಗೆಲ್ಲುವ ವ್ಯವಸ್ಥೆಯನ್ನು ಕಾರುಗಳಲ್ಲಿ ಅಳವಡಿಸಿದ್ದಾರೆ. ಆದರೂ ಕಾರು ತೊಳೆಸಿ ತಂದಾಗಲೆಲ್ಲ, ಚಾಲಕನ ಕಡೆಯ ಹಾಸು ಅದರ ಎರಡು ಕೊಕ್ಕೆಗಳಿಗೆ ಸರಿಯಾಗಿ ಸಿಕ್ಕಿದೆಯೇ ಎಂದು ಕೈಯಿಂದ ಎಳೆದು ನೋಡದೆ ನಾನು ಹೊರಡುವುದಿಲ್ಲ.

ಕೊರತೆಗಳೂ ಇವೆ. 2019ರ ಮಾದರಿಯ ಪರದೆ ಮುಟ್ಟಿದರೆ ಕೇಳುವುದಿಲ್ಲ. ಗೇರ್ ಲಿವರಿನ ಪಕ್ಕದ ಟಚ್‌ಪ್ಯಾಡಿನ ಮೇಲೆ ಬೆರಳಾಡಿಸಿ ಬಾಣವನ್ನು ಗುರುತಿನವರೆಗೆ ಒಯ್ಯಬೇಕು. ರಸ್ತೆಯ ಮೇಲೆ ಕಣ್ಣಿಡಬೇಕಾದವರಿಗೆ ಇದು ತಕ್ಕುದಲ್ಲ, ವಿಮರ್ಶಕರೂ ಇದನ್ನು ಖಂಡಿಸುತ್ತಲೇ ಬಂದಿದ್ದರು. 2021ರ ಪರಿಷ್ಕರಣೆಯಲ್ಲಿ ಮುಟ್ಟಿ ಬಳಸುವ ಪರದೆ ಬಂತು, ಆದ್ದರಿಂದ ಹಳೆಯದನ್ನು ಕೊಳ್ಳುವವರು ಆ ನಂತರದ ಕಾರನ್ನೇ ಹುಡುಕುವುದು ಲೇಸು. ಏರಿನಲ್ಲಿ ಪೂರ್ತಿ ಒತ್ತಿದಾಗ ಎಂಜಿನ್ ಒಂದೇ ಶ್ರುತಿಯಲ್ಲಿ ಕೂಗುತ್ತದೆ, ಅಷ್ಟು ಹೊತ್ತು ಈ ಕಾರಿನ ಗಾಂಭೀರ್ಯ ಮರೆಯಾಗುತ್ತದೆ. ಕಾರು ತಗ್ಗಾಗಿರುವುದರಿಂದ ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಅಮ್ಮ ಎರಡೂ ಕಾಲನ್ನು ಮೊದಲು ಹೊರಗಿಟ್ಟು, ನನ್ನ ಕೈ ಹಿಡಿದೇ ಏಳುತ್ತಾರೆ. ತಿರುವುಗಳಲ್ಲಿ ಹುಮ್ಮಸ್ಸು ಬಯಸುವವರಿಗೆ ಇದಕ್ಕಿಂತ ಚುರುಕಾದ ಕಾರುಗಳು ಬೇಕಾದಷ್ಟಿವೆ.

ಅಂಕಿಅಂಶಗಳನ್ನು ನೋಡಿದರೆ, ಅಮೆರಿಕದಲ್ಲಿ ಜೆ.ಡಿ. ಪವರ್ ಸಂಸ್ಥೆ ನಡೆಸುವ ಬಾಳಿಕೆಯ ಸಮೀಕ್ಷೆಯಲ್ಲಿ 2023, 2024 ಮತ್ತು 2025ರಲ್ಲಿ ಸತತವಾಗಿ ಲೆಕ್ಸಸ್ಸೇ ಮೊದಲ ಸ್ಥಾನದಲ್ಲಿದೆ. 2024ರಲ್ಲಿ ನೂರು ಲೆಕ್ಸಸ್ ಕಾರುಗಳಿಗೆ ವರದಿಯಾದ ತೊಂದರೆಗಳು 135; ಎಲ್ಲ ಕಂಪನಿಗಳ ಸರಾಸರಿ 190. ಆದರೆ ಆ ಸಮೀಕ್ಷೆ ಕೇಳುವುದು ಮೂರು ವರ್ಷದ ಕಾರುಗಳ ಮಾಲೀಕರನ್ನು. ಮೂರು ವರ್ಷ ಬಾಳುವುದು ಈಗ ಯಾರಿಗೂ ದೊಡ್ಡ ಮಾತಲ್ಲ. 1996ರ ಒಂದು ಎಲ್ಎಸ್ 400 ಹತ್ತು ಲಕ್ಷ ಮೈಲಿ, ಅಂದರೆ 16 ಲಕ್ಷ ಕಿಲೋಮೀಟರ್ ದಾಟಿದ್ದು 2019ರಲ್ಲಿ. ನನ್ನ ಲೆಕ್ಕದಲ್ಲಿ ಆ ಒಂದು ಕಾರಿನ ಸಾಕ್ಷ್ಯ ಅಂಥ ಸಮೀಕ್ಷೆಗಿಂತ ಹೆಚ್ಚು ಮಾತಾಡುತ್ತದೆ.

ಹಳೆಯ ಇಎಸ್ 300ಎಚ್ ಕೊಳ್ಳಹೊರಟವರು ಸರ್ವಿಸ್ ದಾಖಲೆಯನ್ನು ನೋಡುವುದರ ಜೊತೆಗೆ, ಮಾರುವವರ ಒಪ್ಪಿಗೆ ಪಡೆದು ಹಿಂದಿನ ಸೀಟಿನ ಬುಡದ ಆ ಜಾಲರಿಯನ್ನು ತೆಗೆದು ನೋಡಲಿ. ಆಮೇಲೆ ಸ್ಟಿಯರಿಂಗನ್ನು ಬೇರೆಯವರಿಗೆ ಕೊಟ್ಟು, ಎಸಿ ಹಾಕಿಸಿ, ಬಿಸಿಲ ಹೊತ್ತಿನಲ್ಲಿ ಅರ್ಧ ಗಂಟೆ ತಾವು ಹಿಂದೆ ಕೂತು ಬರಲಿ. ಸೀಟಿನ ಅಡಿಯಿಂದ ಫ್ಯಾನು ಬಿಡದೆ ಜೋರಾಗಿ ಕೂಗುತ್ತಿದ್ದರೆ ಬ್ಯಾಟರಿಯನ್ನು ಬಲ್ಲವರಿಂದ ಪರೀಕ್ಷೆ ಮಾಡಿಸುವವರೆಗೆ ಮುಂಗಡ ಕೊಡಬೇಡಿ.